ಅಕ್ಷರ ಫಲಕ ಕೇಳದ ಪ್ರಶ್ನೆ

ಕಣ್ಣಿನ ಪರೀಕ್ಷೆ ಎಂದೊಡನೆ ನೆನಪಾಗುವುದು ಗೋಡೆಗೆ ತೂಗುಹಾಕಿದ ಅಕ್ಷರ ಫಲಕ. ಮೇಲೆ ದೊಡ್ಡದೊಂದು ಅಕ್ಷರ, ಕೆಳಗಿಳಿದಂತೆ ಸಣ್ಣಗಾಗುತ್ತ ಹೋಗುವ ಸಾಲುಗಳು. ನೆದರ್‌ಲೆಂಡ್ಸ್‌ನ ಹರ್ಮನ್ ಸ್ನೆಲನ್ 1862ರಲ್ಲಿ ರೂಪಿಸಿದ ಈ ಫಲಕ ಇಂದು ಆದೋನಿಯ ಕನ್ನಡಕದ ಅಂಗಡಿಯಲ್ಲೂ ಕೋಸಿಗಿಯ ಶಾಲೆಯ ತಪಾಸಣೆಯಲ್ಲೂ ಹಾಗೇ ಬಳಕೆಯಲ್ಲಿದೆ. ಅದರಿಂದ ಆಗಿರುವ ಉಪಕಾರ ದೊಡ್ಡದು. ಆದರೆ ಅದು ಅಳೆಯುವುದು ನೋಟದ ನಡುಬಿಂದುವನ್ನು ಮಾತ್ರ. ಅಕ್ಷಿಪಟದ ಮಧ್ಯದಲ್ಲಿರುವ ಒಂದು ಪುಟ್ಟ ಗುಳಿ ಚೆನ್ನಾಗಿದ್ದು, ಅಲ್ಲಿಂದ ಮಿದುಳಿಗೆ ಹೋಗುವ ತಂತುಗಳು ಉಳಿದಿದ್ದರೆ ಸಾಕು, ಮನುಷ್ಯ ಕೊನೆಯ ಸಾಲನ್ನೂ ಓದುತ್ತಾನೆ. ಅವನ ಚೀಟಿಯಲ್ಲಿ 6/6 ಎಂದು ಬರೆಯಲಾಗುತ್ತದೆ. ಆರೋಗ್ಯವಂತ ಕಣ್ಣೊಂದು ಹೊರಬದಿಗೆ 90 ಡಿಗ್ರಿಗೂ ಮೀರಿ, ಮೂಗಿನ ಕಡೆಗೆ 60, ಮೇಲಕ್ಕೆ 60, ಕೆಳಕ್ಕೆ 70 ಡಿಗ್ರಿಗಳಷ್ಟು ನೋಡಬಲ್ಲದು. ಈ ವಿಸ್ತಾರದ ಬಗ್ಗೆ ಫಲಕ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಮಿದುಳಿನೊಳಗಿನ ದೃಷ್ಟಿಪಥವನ್ನು ಒತ್ತುವ ಅಪರೂಪದ ಗಡ್ಡೆಗಳಲ್ಲಿ ಹಲವು, ಬಹುಕಾಲ, ಈ ಕೇಳದ ಭಾಗವನ್ನೇ ತಿನ್ನುತ್ತಿರುತ್ತವೆ. ಇಂಥ ಗಡ್ಡೆಗಳನ್ನು ಸಮಯಕ್ಕೆ ಹಿಡಿಯಲು ಮೊದಲು ಬೇಕಾದದ್ದು ದೊಡ್ಡ ಯಂತ್ರವಲ್ಲ, ನೋಟದ ಅಂಚನ್ನು ವಿಚಾರಿಸುವ ಎರಡು ನಿಮಿಷ ಎಂಬುದು ಈ ಅಧ್ಯಾಯದ ವಾದ. ದೊಡ್ಡ ಯಂತ್ರ ದೂರದಲ್ಲಿರುವ ಆದೋನಿಯಂಥ ಸೀಮೆಯಲ್ಲಿ ಆ ಎರಡು ನಿಮಿಷಕ್ಕೆ ಬೆಲೆ ಇನ್ನೂ ಹೆಚ್ಚು.

ವಾದ ನಿಂತಿರುವುದು ದೃಷ್ಟಿಪಥದ ರಚನೆಯ ಮೇಲೆ. ಒಂದೊಂದು ಕಣ್ಣಿನಿಂದಲೂ ಸುಮಾರು 10ರಿಂದ 12 ಲಕ್ಷ ತಂತುಗಳು ಕಟ್ಟಾಗಿ ದೃಷ್ಟಿನರವಾಗಿ ಹೊರಡುತ್ತವೆ. ಎರಡು ನರಗಳೂ ಕಣ್ಣುಗಳ ಹಿಂದೆ, ತಲೆಬುರುಡೆಯ ತಳದ ನಡುಭಾಗದಲ್ಲಿ ಸೇರುತ್ತವೆ. ಸೇರುವ ಈ ಜಾಗಕ್ಕೆ ಕಯಾಸ್ಮಾ ಎಂದು ಹೆಸರು. ಅಡ್ಡಗಲ ಒಂದೂವರೆ ಸೆಂಟಿಮೀಟರನ್ನೂ ಮುಟ್ಟದ ಸಂಗಮ. ಇಲ್ಲಿ ಎಲ್ಲ ತಂತುಗಳೂ ದಾಟುವುದಿಲ್ಲ. ಅಕ್ಷಿಪಟದ ಮೂಗಿನ ಕಡೆಯ ಅರ್ಧದಿಂದ ಬಂದವು, ಅಂದರೆ ಅರ್ಧಕ್ಕಿಂತ ಕೊಂಚ ಹೆಚ್ಚು, ಆಚೆಬದಿಗೆ ದಾಟುತ್ತವೆ. ಉಳಿದವು ತಮ್ಮ ಬದಿಯಲ್ಲೇ ಮುಂದುವರಿಯುತ್ತವೆ. ಈ ಅರೆದಾಟವನ್ನು ಐಸಾಕ್ ನ್ಯೂಟನ್ 1704ರ ತನ್ನ ‘ಆಪ್ಟಿಕ್ಸ್’ ಗ್ರಂಥದ ಕೊನೆಯ ಪ್ರಶ್ನೆಗಳಲ್ಲೇ ಊಹಿಸಿದ್ದ. ದಾಟಿದ ಮೇಲೆ ಎರಡೂ ಕಣ್ಣುಗಳ ಎಡನೋಟ ಬಲಮಿದುಳಿಗೆ, ಬಲನೋಟ ಎಡಮಿದುಳಿಗೆ ಹೋಗಿ, ತಲೆಯ ಹಿಂಬದಿಯ ದೃಷ್ಟಿ ತೊಗಟೆಯಲ್ಲಿ ಕೊನೆಗೊಳ್ಳುತ್ತದೆ. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ತಗುಲಿ ಬದುಕಿದ ಸೈನಿಕರನ್ನು ಪರೀಕ್ಷಿಸಿ ತಾತ್ಸುಜಿ ಇನೋಯೆ, ಮೊದಲ ಮಹಾಯುದ್ಧದ ಗಾಯಾಳುಗಳನ್ನು ಪರೀಕ್ಷಿಸಿ ಗಾರ್ಡನ್ ಹೋಮ್ಸ್, ತೊಗಟೆಯ ಯಾವ ಚೂರು ನೋಟದ ಯಾವ ಚೂರನ್ನು ಕಾಣುತ್ತದೆ ಎಂದು ನಕ್ಷೆ ಬರೆದರು. ಅವರ ದುಡಿಮೆಯ ಫಲವಾಗಿ ನೋಟದಲ್ಲಿ ಕಳೆದುಹೋದ ಭಾಗದ ಆಕಾರವನ್ನು ನೋಡಿ ರೋಗ ಎಲ್ಲಿದೆ ಎಂದು ತರ್ಕಿಸಬಹುದಾಗಿದೆ. ಒಂದೇ ಕಣ್ಣು ಮಂಜಾದರೆ ತೊಂದರೆ ಕಯಾಸ್ಮಾದ ಮುಂದೆ. ಎರಡೂ ಕಣ್ಣುಗಳ ಹೊರಬದಿಯ ಅರ್ಧ ಹೋದರೆ ಸರಿಯಾಗಿ ಕಯಾಸ್ಮಾದಲ್ಲಿ. ಎರಡೂ ಕಣ್ಣುಗಳಲ್ಲಿ ಒಂದೇ ಬದಿ ಹೋದರೆ ಅದರ ಹಿಂದೆ. ದೇಹದ ಒಳಗೆ ಇಣುಕದೆ ಇಷ್ಟು ಖಚಿತವಾಗಿ ಜಾಗ ತೋರಿಸುವ ಲಕ್ಷಣಗಳು ವೈದ್ಯದಲ್ಲಿ ಹೆಚ್ಚಿಲ್ಲ.

ಹೀಗಿರುವಾಗ ರೋಗಿಗೇ ಇದು ಏಕೆ ತಿಳಿಯುವುದಿಲ್ಲ ಎಂಬ ಪ್ರಶ್ನೆ ಸಹಜ. ಕಾರಣ ಎರಡು. ಮೊದಲನೆಯದಾಗಿ, ಕಳೆದುಹೋದ ನೋಟ ಕತ್ತಲೆಯಾಗಿ ಕಾಣುವುದಿಲ್ಲ. ನಮ್ಮ ಬೆನ್ನ ಹಿಂದಿನ ಜಗತ್ತು ನಮಗೆ ಕಪ್ಪಾಗಿ ಕಾಣುತ್ತದೆಯೇ? ಇಲ್ಲ, ಅದು ನೋಟದಲ್ಲಿ ಇಲ್ಲವೇ ಇಲ್ಲ. ಅಂಚು ಕಳೆದುಕೊಂಡವರಿಗೆ ಆ ಅಂಚೂ ಹಾಗೆಯೇ. ಎರಡನೆಯ ಕಾರಣ ಇನ್ನೂ ಸೂಕ್ಷ್ಮ. ಕಯಾಸ್ಮಾ ಒತ್ತಿದಾಗ ಹೋಗುವುದು ಬಲಗಣ್ಣಿನ ಬಲಬದಿ, ಎಡಗಣ್ಣಿನ ಎಡಬದಿ. ಎರಡೂ ಕಣ್ಣು ತೆರೆದಿದ್ದಾಗ ಬಲಗಣ್ಣಿನ ಉಳಿದ ಅರ್ಧ ಎಡಬದಿಯನ್ನು 60 ಡಿಗ್ರಿಯವರೆಗೂ ನೋಡಿಕೊಳ್ಳುತ್ತದೆ, ಎಡಗಣ್ಣಿನ ಉಳಿದ ಅರ್ಧ ಬಲಬದಿಯನ್ನು. ಒಟ್ಟು ನೋಟದಲ್ಲಿ ಕಾಣೆಯಾಗುವುದು ಎರಡು ತುದಿಗಳ ಬಾಗಿದ ಪಟ್ಟಿಗಳಷ್ಟೇ. ಆದ್ದರಿಂದ ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷಿಸದೆ ಈ ನಷ್ಟ ಹೊರಬೀಳುವುದಿಲ್ಲ. ಆದರೂ ಅದು ವಿಚಿತ್ರವಾದ ದೂರುಗಳ ರೂಪದಲ್ಲಿ ತಲೆಹಾಕುತ್ತದೆ. ಎರಡು ಕಣ್ಣುಗಳ ನಡುವೆ ಹಂಚಿಕೊಂಡ ನೋಟದ ಭಾಗವೇ ಇಲ್ಲವಾದ್ದರಿಂದ ಮಿದುಳಿಗೆ ಎರಡು ಅರ್ಧಗಳನ್ನು ಜೋಡಿಸಿ ಹಿಡಿದಿಡಲು ಆಧಾರವಿಲ್ಲ. ಅವು ಆಗೀಗ ಜಾರುತ್ತವೆ. ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿ ಎರಡಾಗುತ್ತದೆ ಇಲ್ಲವೇ ಮಾಯವಾಗುತ್ತದೆ. ದಿಟ್ಟಿಸಿದ ಬಿಂದುವಿನ ಆಚೆಗಿರುವುದು ಅಳಿಸಿಹೋಗುತ್ತದೆ: ಆದೋನಿಯ ಮಾರುಕಟ್ಟೆಯಲ್ಲಿ ಹತ್ತಿಯ ಚೀಲ ಹೊಲಿಯುವವರು ದಬ್ಬಣದ ಕಣ್ಣನ್ನೇ ನೋಡುತ್ತ ಹುರಿ ಪೋಣಿಸಿದರೆ, ಆ ಕಣ್ಣಿನ ಆಚೆ ಹೊರಬಂದ ಹುರಿಯ ತುದಿ ಕಾಣದೆ ಹೋಗಬಹುದು. ಕಯಾಸ್ಮಾದ ಹಿಂದಿನ ರೋಗದಲ್ಲಿ ದೂರು ಬೇರೆ ಬಗೆಯದು. ಎಡಬದಿಯ ನೋಟ ಹೋದವರು ಸಾಲಿನ ಮೊದಲ ಪದಗಳನ್ನು ಬಿಟ್ಟು ಓದುತ್ತಾರೆ, ಬಾಗಿಲಿನ ಎಡಚೌಕಟ್ಟಿಗೆ ಹೆಗಲು ತಾಗಿಸುತ್ತಾರೆ, ‘ನನ್ನ ಎಡಗಣ್ಣು ಮಂಜು’ ಎನ್ನುತ್ತಾರೆ. ಪರೀಕ್ಷಿಸಿದರೆ ಹೋಗಿರುವುದು ಎರಡೂ ಕಣ್ಣುಗಳ ಎಡಭಾಗ. ಬಲಬದಿ ಹೋದವರ ಕಷ್ಟ ಓದುವಾಗ ಇನ್ನೂ ಹೆಚ್ಚು, ಏಕೆಂದರೆ ಕನ್ನಡದಂಥ ಎಡದಿಂದ ಬಲಕ್ಕೆ ಸಾಗುವ ಬರಹದಲ್ಲಿ ಮುಂದೆ ಬರಲಿರುವ ಪದವೇ ಕಾಣುವುದಿಲ್ಲ.

ಒತ್ತುವ ಗಡ್ಡೆಗಳಲ್ಲಿ ಮುಖ್ಯವಾದವು ಮೂರು. ವಯಸ್ಕರಲ್ಲಿ ಹೆಚ್ಚಾಗಿ ಸಿಗುವುದು ಪಿಟ್ಯುಟರಿ ಗ್ರಂಥಿಯ ಗಡ್ಡೆ. ಈ ಗ್ರಂಥಿ ಕಯಾಸ್ಮಾದ ಕೆಳಗೆ, ಸುಮಾರು ಒಂದು ಸೆಂಟಿಮೀಟರ್ ಅಂತರದಲ್ಲಿ, ಮೂಳೆಯ ಗುಳಿಯಲ್ಲಿ ಕೂತಿದೆ. ಗಡ್ಡೆ ಆ ಅಂತರವನ್ನು ತುಂಬಿ ಮೇಲೇರಿದ ಮೇಲಷ್ಟೇ ನೋಟಕ್ಕೆ ತೊಂದರೆ. ಅದು ಕೆಳಗಿನಿಂದ ಒತ್ತುವುದರಿಂದ ಮೊದಲು ಹೋಗುವುದು ಹೊರಬದಿಯ ಮೇಲ್ಭಾಗ. ಅಷ್ಟರೊಳಗೆ ದೇಹ ಬೇರೆ ಸುಳಿವುಗಳನ್ನು ಕೊಟ್ಟಿರುತ್ತದೆ: ಮುಟ್ಟು ನಿಂತಿರುತ್ತದೆ, ಹಾಲೂಡಿಸದ ಹೆಂಗಸಿಗೆ ಎದೆಹಾಲು ಬರುತ್ತಿರುತ್ತದೆ, ಬೆಳೆದ ಗಂಡಸಿಗೆ ಚಪ್ಪಲಿಯ ಅಳತೆ ದೊಡ್ಡದಾಗುತ್ತ ಹೋಗಿರುತ್ತದೆ. ಎರಡನೆಯದು ಕ್ರೇನಿಯೋಫ್ಯಾರಿಂಜಿಯೋಮಾ. ಭ್ರೂಣದಲ್ಲಿ ಬಾಯಿಯ ಮೇಲ್ಭಾಗದಿಂದ ಪಿಟ್ಯುಟರಿ ರೂಪುಗೊಳ್ಳುವಾಗ ಉಳಿದುಹೋದ ಕೋಶಗಳಿಂದ ಹುಟ್ಟುವ ಗಡ್ಡೆ ಇದು. ನೀರುಗುಳ್ಳೆ, ಸುಣ್ಣದ ಕಣ ಎರಡೂ ಇರುವ ಇದು ಮಕ್ಕಳಲ್ಲಿ 5ರಿಂದ 14ರ ವಯಸ್ಸಿನಲ್ಲಿ, ಮತ್ತೆ 50 ದಾಟಿದವರಲ್ಲಿ ಕಾಣಿಸಿಕೊಳ್ಳುತ್ತದೆ. ಮಗುವಿನ ಎತ್ತರ ನಿಲ್ಲುತ್ತದೆ, ಬಾಯಾರಿಕೆ ಮಿತಿಮೀರುತ್ತದೆ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗುತ್ತದೆ. ಬೇಸಿಗೆ ಸುಡುವ ರಾಯಲಸೀಮೆಯಲ್ಲಿ ಮಗು ಚೊಂಬುಗಟ್ಟಲೆ ನೀರು ಕುಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ರಾತ್ರಿಯ ಬಾಯಾರಿಕೆಯನ್ನು ಬಿಡಿಸಿ ಕೇಳಬೇಕು. ಮೂರನೆಯದು ದೃಷ್ಟಿನರದೊಳಗೇ ಬೆಳೆಯುವ ಗ್ಲಿಯೋಮಾ. ಇದು ಬಹುಪಾಲು 10 ವರ್ಷದೊಳಗಿನ ಮಕ್ಕಳದು. ಮಕ್ಕಳ ಮಿದುಳು ಗಡ್ಡೆಗಳಲ್ಲಿ ನೂರಕ್ಕೆ 3ರಿಂದ 5. ಮೈಮೇಲೆ ಆರು ಅಥವಾ ಹೆಚ್ಚು ಕಾಫಿಬಣ್ಣದ ಮಚ್ಚೆಗಳಿರುವ, ನ್ಯೂರೋಫೈಬ್ರೊಮಟೋಸಿಸ್ ಒಂದನೆಯ ಬಗೆ ಎಂಬ ವಂಶವಾಹಿ ಸ್ಥಿತಿಯ ಮಕ್ಕಳಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಮಂದಿಗೆ ಈ ಗಡ್ಡೆ ಇರುತ್ತದೆ. ಎಳೆಮಗು ತನಗೆ ಕಾಣುತ್ತಿಲ್ಲವೆಂದು ಹೇಳಲಾರದು. ಅದರ ಪರವಾಗಿ ಹೇಳುವುದು ಹೊಸದಾಗಿ ಬಂದ ಮೆಳ್ಳೆಗಣ್ಣು, ಅದುರುವ ಕಣ್ಣುಗುಡ್ಡೆ, ಮುಂದಕ್ಕೆ ಉಬ್ಬಿದ ಒಂದು ಕಣ್ಣು. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ನಂಬುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ನಂಬಿಕೆಯಿಂದ ಮಗುವಿನ ತಿಂಗಳುಗಳು ವ್ಯರ್ಥವಾಗಬಾರದು ಎಂಬುದಷ್ಟೇ ನನ್ನ ಕಳಕಳಿ. ಇವಲ್ಲದೆ ಮಿದುಳಿನ ಹೊದಿಕೆಯಿಂದ ಬೆಳೆಯುವ ಮೆನಿಂಜಿಯೋಮಾ ಕೂಡ ಇದೇ ಜಾಗದಲ್ಲಿ ಬರಬಹುದು, ಒಂದು ಕಣ್ಣನ್ನು ವರ್ಷಗಟ್ಟಲೆ ನಿಧಾನವಾಗಿ ಮಂಕಾಗಿಸಬಹುದು. ಹಾರ್ವೆ ಕುಶಿಂಗ್ ಮತ್ತು ಲೂಯಿಸ್ ಐಸೆನ್‌ಹಾರ್ಟ್ 1929ರಲ್ಲಿ ಅದರ ಚಿತ್ರವನ್ನು ವಿವರವಾಗಿ ಬರೆದಿಟ್ಟರು.

ಈಗ ಊರಿನ ಕಡೆ ತಿರುಗೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಾದವು. ಹೊಳಗುಂದ, ಹಾಲಹರ್ವಿ, ಕೌತಾಳಂ, ಕೋಸಿಗಿ, ಮಂತ್ರಾಲಯದ ಸುತ್ತಿನ ಅನೇಕ ಮನೆಗಳಲ್ಲಿ ಇಂದಿಗೂ ಕನ್ನಡವೇ ಮಾತು. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಜಿಲ್ಲೆಯ ಕೇಂದ್ರ ಸುಮಾರು 100 ಕಿಲೋಮೀಟರ್ ದೂರ. ಅಲ್ಲಿ 1950ರ ದಶಕದಲ್ಲಿ ಆರಂಭವಾದ ಕರ್ನೂಲು ವೈದ್ಯಕೀಯ ಕಾಲೇಜು, ಅದರ ಸರ್ಕಾರಿ ಆಸ್ಪತ್ರೆ, ಪ್ರಾದೇಶಿಕ ಕಣ್ಣಿನ ಆಸ್ಪತ್ರೆ ಇವೆ. ರಾಜ್ಯದ ಗಡಿ ದಾಟಿದರೆ ಬಳ್ಳಾರಿ, ರಾಯಚೂರು ಅದಕ್ಕಿಂತ ಹತ್ತಿರ. ಕಷ್ಟದ ಶಸ್ತ್ರಚಿಕಿತ್ಸೆಯಾದರೆ ಹೈದರಾಬಾದ್, ಬೆಂಗಳೂರಿನ ನಿಮ್ಹಾನ್ಸ್ ಅಥವಾ ವೆಲ್ಲೂರು. ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಜೇಕಬ್ ಚಾಂಡಿ 1949ರಲ್ಲಿ ಆರಂಭಿಸಿದ್ದು ವೆಲ್ಲೂರಿನಲ್ಲೇ. ಆರೋಗ್ಯಶ್ರೀ ಎಂದು 2007ರಲ್ಲಿ ಆರಂಭವಾಗಿ, ಸರ್ಕಾರ ಬದಲಾದಂತೆ ಹೆಸರು ಬದಲಿಸಿಕೊಂಡ ಯೋಜನೆ ದೊಡ್ಡ ಶಸ್ತ್ರಚಿಕಿತ್ಸೆಗಳ ಖರ್ಚನ್ನು ಬಡ ಕುಟುಂಬಗಳ ಹೆಗಲಿನಿಂದ ಇಳಿಸಿದೆ. ಆದರೆ ಯೋಜನೆಯ ಕಾರ್ಡು ಕೆಲಸಕ್ಕೆ ಬರುವುದು ರೋಗ ಏನೆಂದು ಗೊತ್ತಾದ ಮೇಲೆ. ಗೊತ್ತಾಗುವವರೆಗಿನ ಅಲೆದಾಟ, ಬಸ್ಸಿನ ಖರ್ಚು, ಹೋದ ಕೂಲಿ, ಒಂದಾದ ಮೇಲೊಂದು ಬದಲಿಸಿದ ಕನ್ನಡಕ, ಇವೆಲ್ಲ ಮನೆಯವರ ಪಾಲು. ಇದರ ಜೊತೆಗೆ ಈ ಸೀಮೆಯ ವಲಸೆಯನ್ನು ನೆನೆಯಬೇಕು. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಕಡೆಯ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತವೆ, ಮಕ್ಕಳೂ ಜೊತೆಗೆ. ಶಾಲೆಯಲ್ಲಿ ಕಣ್ಣು ನೋಡುವ ತಂಡ ಬಂದ ದಿನ ಆ ಮಗು ಶಾಲೆಯಲ್ಲೇ ಇರುವುದಿಲ್ಲ.

ಸರ್ಕಾರಗಳು ಕಣ್ಣಿನ ವಿಷಯದಲ್ಲಿ ಕೈಕಟ್ಟಿ ಕೂತಿಲ್ಲ. ಅಂಧತ್ವ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ಇದೆ. ಆಂಧ್ರದಲ್ಲಿ 2019ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಕಂಟಿ ವೆಲುಗು’ ಮೊದಲು ಶಾಲಾಮಕ್ಕಳ ಕಣ್ಣು ನೋಡಿ ಕನ್ನಡಕ ಕೊಟ್ಟಿತು. ಇವೆಲ್ಲ ಕಟ್ಟಿಕೊಂಡಿರುವುದು ಎರಡು ದೊಡ್ಡ ಕಾರಣಗಳ ಸುತ್ತ: ಪೊರೆ ಮತ್ತು ಕನ್ನಡಕದ ನಂಬರು. ಹೆಚ್ಚು ಜನರನ್ನು ಕಾಡುವುದನ್ನು ಮೊದಲು ಎತ್ತಿಕೊಳ್ಳುವುದು ನ್ಯಾಯವೇ. ಆದರೆ ಈ ಎರಡೂ ಕಾರಣಗಳಿಗೆ ಫಲಕ ಸಾಕಾಗುವುದರಿಂದ, ಫಲಕದಲ್ಲೇ ಪರೀಕ್ಷೆ ಮುಗಿಯುವ ಅಭ್ಯಾಸ ಬೇರೂರಿದೆ. ಆ ಅಭ್ಯಾಸಕ್ಕೆ ನಾನು ಸೇರಿಸಬೇಕೆನ್ನುವುದು ಮೂರು ಸಣ್ಣ ಕೆಲಸಗಳನ್ನು. ಒಂದು, ಪರೀಕ್ಷಿಸುವವರು ಒಂದು ತೋಳಿನ ದೂರದಲ್ಲಿ ಎದುರು ಕೂತು, ಒಂದು ಕಣ್ಣು ಮುಚ್ಚಿಸಿ, ತಮ್ಮ ಕಣ್ಣನ್ನೇ ನೋಡುತ್ತಿರಲು ಹೇಳಿ, ನಾಲ್ಕು ಮೂಲೆಗಳಲ್ಲೂ ಬೆರಳು ತೋರಿಸಿ ಎಷ್ಟೆಂದು ಕೇಳುವುದು. ಎರಡು, ಕಣ್ಣಿಗೆ ಹಾಕುವ ಔಷಧದ ಸೀಸೆಯ ಕೆಂಪು ಮುಚ್ಚಳವನ್ನು ನಡುಗೆರೆಯ ಆಚೆ ಈಚೆ ಹಿಡಿದು ಕೆಂಪು ಎರಡೂ ಕಡೆ ಒಂದೇ ಬಗೆಯಾಗಿದೆಯೇ ಎಂದು ಕೇಳುವುದು. ನರ ಸೊರಗಿದಾಗ ಬೆರಳು ಕಾಣುತ್ತಿದ್ದರೂ ಬಣ್ಣ ಮಾಸುತ್ತದೆ. ಮೂರು, ಅರೆಗತ್ತಲೆಯಲ್ಲಿ ಟಾರ್ಚಿನ ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ತೂಗುವುದು. ಆರೋಗ್ಯವಾಗಿದ್ದರೆ ಬೆಳಕು ಬಿದ್ದ ಪಾಪೆ ಕುಗ್ಗಿಕೊಂಡೇ ಇರುತ್ತದೆ. ನರ ಕೆಟ್ಟ ಕಣ್ಣಿಗೆ ಬೆಳಕು ಬಂದಾಗ ಅದು ಹಿಗ್ಗುತ್ತದೆ. ಈ ಮೂರನೆಯದಕ್ಕೆ ವಿಶೇಷ ಬೆಲೆ ಇದೆ. ಪೊರೆ ಎಷ್ಟೇ ದಟ್ಟವಾಗಿದ್ದರೂ ಆ ಕಣ್ಣಿನ ಪಾಪೆ ಹೀಗೆ ಹಿಗ್ಗುವುದಿಲ್ಲ. ಹಾಗಾಗಿ ಪೊರೆಯ ಶಿಬಿರಕ್ಕೆ ಬಂದ ಅಜ್ಜಿಯ ಪಾಪೆ ಹಿಗ್ಗಿದರೆ, ಪೊರೆಯ ಹಿಂದೆ ಇನ್ನೇನೋ ಇದೆ ಎಂದೇ ಅರ್ಥ. ಪೊರೆ ತೆಗೆದ ಮೇಲೂ ಅವರಿಗೆ ಕಾಣದೆ ಹೋದಾಗ ಆಗುವ ನಿರಾಶೆಯನ್ನು ಮೊದಲೇ ತಪ್ಪಿಸಬಹುದು. ಇನ್ನೊಂದು ಮಾತು: ತೆಲುಗು ಅಕ್ಷರದ ಫಲಕ ಕನ್ನಡ ಶಾಲೆಯ ಮಗುವನ್ನು, ಯಾವ ಅಕ್ಷರದ ಫಲಕವೂ ಓದು ಬಾರದ ಕೂಲಿಯಾಳನ್ನು ತೊಡರಿಸಬಹುದು. ಬೆರಳು, ಮುಚ್ಚಳ, ಟಾರ್ಚಿಗೆ ಲಿಪಿಯ ಹಂಗಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಇಷ್ಟು ಅಪರೂಪದ ರೋಗಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂಬುದು. ಲೆಕ್ಕ ಹಾಕಿಯೇ ನೋಡೋಣ. ಕ್ರೇನಿಯೋಫ್ಯಾರಿಂಜಿಯೋಮಾ ಜಗತ್ತಿನಲ್ಲಿ ವರ್ಷಕ್ಕೆ 10 ಲಕ್ಷ ಜನರಲ್ಲಿ ಅರ್ಧದಿಂದ 2 ಮಂದಿಗೆ ಬರುತ್ತದೆ. 2011ರ ಜನಗಣತಿಯಲ್ಲಿ ಅಂದಿನ ಅವಿಭಜಿತ ಕರ್ನೂಲು ಜಿಲ್ಲೆಯ ಜನಸಂಖ್ಯೆ 40 ಲಕ್ಷ ದಾಟಿತ್ತು. ಅದೇ ಪ್ರಮಾಣ ಇಲ್ಲಿಗೂ ಅನ್ವಯಿಸಿದರೆ ವರ್ಷಕ್ಕೆ 2ರಿಂದ 8 ಮಂದಿ. ನ್ಯೂರೋಫೈಬ್ರೊಮಟೋಸಿಸ್ 3,000 ಜನರಲ್ಲಿ ಒಬ್ಬರಿಗೆ ಎಂದಿಟ್ಟುಕೊಂಡರೆ ಆ ಜಿಲ್ಲೆಯಲ್ಲಿ 1,300ಕ್ಕೂ ಮೇಲೆ. ಲಕ್ಷಣ ತೋರುವ ಪಿಟ್ಯುಟರಿ ಗಡ್ಡೆಗಳು ಯೂರೋಪಿನ ಎಣಿಕೆಯಲ್ಲಿ ಸಾವಿರಕ್ಕೆ ಒಂದರ ಸಮೀಪ. ಅವುಗಳಲ್ಲಿ ಹೆಚ್ಚಿನವು ಕಯಾಸ್ಮಾವನ್ನು ಮುಟ್ಟದ ಚಿಕ್ಕವು, ಆದರೆ ಮುಟ್ಟುವವೂ ಬೆರಳೆಣಿಕೆಯಲ್ಲಿ ನಿಲ್ಲುವುದಿಲ್ಲ. ಒಂದೊಂದಾಗಿ ಅಪರೂಪವಾದವು ಒಟ್ಟುಗೂಡಿದಾಗ ಒಂದು ಜಿಲ್ಲೆಗೆ ಅಪರೂಪವಾಗಿ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇದು ಒಂದೇ ಗಡ್ಡೆಗಾಗಿ ಹೂಡಿದ ಪರೀಕ್ಷೆಯಲ್ಲ. ಪಾರ್ಶ್ವವಾಯು, ಮುಂದುವರಿದ ಗ್ಲಾಕೋಮಾ, ಕಿತ್ತುಬಂದ ಅಕ್ಷಿಪಟ, ದೃಷ್ಟಿನರದ ಉರಿಯೂತ, ಇವೂ ಇದೇ ಬೆರಳು ಟಾರ್ಚುಗಳಿಗೆ ಸಿಕ್ಕಿಬೀಳುತ್ತವೆ. ಆಕಾರ ಮಾತ್ರ ಬೇರೆ: ಗ್ಲಾಕೋಮಾದ ನಷ್ಟ ನೋಟದ ಅಡ್ಡಗೆರೆಗೆ ಅಂಟಿಕೊಂಡಿರುತ್ತದೆ, ಕಯಾಸ್ಮಾ ಮತ್ತು ಅದರ ಹಿಂದಿನದು ನಿಲುಗೆರೆಗೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದುದು, ಅದಕ್ಕೆ ಮಣಿಯುವ ಕಡೆ ಮಣಿಯಲೇಬೇಕು. ಬೆರಳಿನ ಪರೀಕ್ಷೆ ಒರಟು. ಆರಂಭದ ನಷ್ಟ ಅದಕ್ಕೆ ತಪ್ಪಿಸಿಕೊಳ್ಳುತ್ತದೆ. ದೃಷ್ಟಿಕ್ಷೇತ್ರವನ್ನು ಅಳೆದು ನಕ್ಷೆ ಬರೆಯುವ ಯಂತ್ರವಾದ ಪೆರಿಮೀಟರ್ ಜೊತೆ ಹೋಲಿಸಿದ 2010ರ ಒಂದು ಅಧ್ಯಯನದಲ್ಲಿ ಬೆರಳಾಡಿಸುವುದು, ಕೆಂಪು ಗುರಿಯನ್ನು ಅಂಚಿನಿಂದ ಒಳತರುವುದು ಎರಡನ್ನೂ ಸೇರಿಸಿದಾಗ ನಷ್ಟವಿರುವ ನೂರರಲ್ಲಿ 78 ಸಿಕ್ಕವು. ನಷ್ಟವಿಲ್ಲದ ನೂರರಲ್ಲಿ 90ನ್ನು ಸರಿಯೆಂದು ಹೇಳಿತು. ಅಂದರೆ ಆರೋಗ್ಯವಂತರಲ್ಲೂ ನೂರಕ್ಕೆ ಹತ್ತು ಸುಳ್ಳು ಗಾಬರಿ. ಊರಿಗೆ ಊರನ್ನೇ ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೆ ಪ್ರತಿ ಸಾವಿರಕ್ಕೆ ನೂರು ಜನ ಸುಮ್ಮನೆ ಕರ್ನೂಲಿನ ಬಸ್ಸು ಹತ್ತಬೇಕಾಗುತ್ತದೆ. ಅದು ಬಡವರಿಗೆ ಮಾಡುವ ಅನ್ಯಾಯ. ಹಾಗಾಗಿ ಎಲ್ಲರಿಗೂ ಇದನ್ನು ಮಾಡಿ ಎಂಬುದು ನನ್ನ ಬೇಡಿಕೆಯಲ್ಲ. ಕಾರಣ ಸಿಗದವರಿಗೆ ಮಾಡಿ ಎಂಬುದು ಬೇಡಿಕೆ. ಸೂಜಿತೂತಿನ ಮೂಲಕ ನೋಡಿಸಿದರೂ ಕನ್ನಡಕ ಹಾಕಿಸಿದರೂ 6/6 ಬಾರದವರು, 6/6 ಬಂದರೂ ‘ನನಗೆ ಸರಿಯಾಗಿ ಕಾಣುವುದಿಲ್ಲ’ ಎಂದು ಮತ್ತೆ ಮತ್ತೆ ಬರುವವರು, ತಲೆನೋವಿನ ಜೊತೆ ಮುಟ್ಟು ನಿಂತವರು, ಓರಗೆಯವರಿಗಿಂತ ಕುಳ್ಳಾಗಿಯೇ ಉಳಿದ ಮಗು, ಹೊಸ ಮೆಳ್ಳೆಗಣ್ಣಿನ ಮಗು, ಮಚ್ಚೆಗಳ ಮಗು. ಈ ಗುಂಪಿನಲ್ಲಿ ರೋಗವಿರುವ ಸಾಧ್ಯತೆ ಸಾಮಾನ್ಯ ಜನರಿಗಿಂತ ಎಷ್ಟೋ ಪಟ್ಟು ಹೆಚ್ಚಾದ್ದರಿಂದ ಅದೇ ಒರಟು ಪರೀಕ್ಷೆಯ ಉತ್ತರಕ್ಕೆ ತೂಕ ಬರುತ್ತದೆ. ಟಾರ್ಚಿನ ಪರೀಕ್ಷೆಗೂ ಮಿತಿ ಇದೆ: ಎರಡೂ ನರಗಳು ಸಮಸಮವಾಗಿ ಕೆಟ್ಟಿದ್ದರೆ ಪಾಪೆಗಳಲ್ಲಿ ವ್ಯತ್ಯಾಸವೇ ತೋರದು. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯಲಿ ಎಂದೇ ಮೂರನ್ನೂ ಒಟ್ಟಿಗೆ ಹೇಳಿದ್ದು.

ಮಿದುಳಿನಲ್ಲಿ ಗಡ್ಡೆ ಎಂದು ಗೊತ್ತಾದರೆ ತಾನೇ ಮಾಡುವುದೇನು, ಬಡವರನ್ನು ಹೆದರಿಸಿ ಫಲವೇನು ಎಂಬ ಮಾತನ್ನು ವಿದ್ಯಾವಂತರೂ ಆಡುತ್ತಾರೆ. ಈ ಹತಾಶೆಗೆ ವಿಜ್ಞಾನದ ಆಧಾರ ಇಲ್ಲ. ಪಿಟ್ಯುಟರಿ ಗಡ್ಡೆಗಳಲ್ಲಿ ಪ್ರೊಲ್ಯಾಕ್ಟಿನ್ ಸುರಿಸುವ ಬಗೆ ಸಾಮಾನ್ಯವಾದದ್ದು. ಅದಕ್ಕೆ ಹೆಚ್ಚಾಗಿ ಕತ್ತಿಯೇ ಬೇಡ. ವಾರಕ್ಕೆ ಒಂದೆರಡು ಸಲ ನುಂಗುವ ಕ್ಯಾಬರ್‌ಗೋಲಿನ್ ಮಾತ್ರೆಗೆ ಗಡ್ಡೆ ಕುಗ್ಗುತ್ತದೆ, ಎಷ್ಟೋ ರೋಗಿಗಳ ನೋಟ ವಾರಗಳಲ್ಲೇ ಹಿಗ್ಗುತ್ತದೆ. ಉಳಿದವುಗಳಲ್ಲಿ ಬಹುಪಾಲನ್ನು ಇಂದು ಮೂಗಿನ ದಾರಿಯಿಂದ, ತಲೆಬುರುಡೆ ತೆರೆಯದೆ ತೆಗೆಯುತ್ತಾರೆ. ಒತ್ತಡ ಇಳಿದ ಮೇಲೆ ನೋಟ ಎಷ್ಟು ಮರಳುತ್ತದೆ ಎಂಬುದು ಒತ್ತಡ ಎಷ್ಟು ಕಾಲ ಇತ್ತು, ನರದ ತಂತುಗಳು ಎಷ್ಟು ಸತ್ತಿವೆ ಎಂಬುದನ್ನು ಅವಲಂಬಿಸಿದೆ. ದಿಗ್ಬಂಧನದಲ್ಲಿದ್ದರೂ ಬದುಕಿರುವ ತಂತು ಚೇತರಿಸಿಕೊಳ್ಳುತ್ತದೆ. ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದಲೇ ಬಳ್ಳಾರಿಯೋ ಕರ್ನೂಲೋ ಎಂದು ತಡಕಾಡುತ್ತ, ಕನ್ನಡಕ ಬದಲಿಸುತ್ತ ಕಳೆಯುವ ಆ ಎಂಟು ಹತ್ತು ತಿಂಗಳು ಅಷ್ಟು ದುಬಾರಿ. ಇದಕ್ಕೆ ಎದುರಾಗಿ, ಪತ್ತೆಯಾದದ್ದೆಲ್ಲವನ್ನೂ ಕತ್ತರಿಸಬೇಕೆಂಬುದೂ ತಪ್ಪು. ನ್ಯೂರೋಫೈಬ್ರೊಮಟೋಸಿಸ್ ಇರುವ ಮಕ್ಕಳ ದೃಷ್ಟಿನರದ ಗ್ಲಿಯೋಮಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಾವಾಗಿ ತಟಸ್ಥವಾಗಿರುತ್ತವೆ. ಕೆಲವು ಕುಗ್ಗಿದ್ದೂ ಉಂಟು. ಅಲ್ಲಿ ಬೇಕಾದದ್ದು ಕಾಲಕಾಲಕ್ಕೆ ನೋಟ ಅಳೆಯುವುದು. ಬೆಳೆದು ನೋಟ ತಿನ್ನತೊಡಗಿದರೆ ಕಾರ್ಬೋಪ್ಲಾಟಿನ್, ವಿನ್‌ಕ್ರಿಸ್ಟಿನ್ ಔಷಧಗಳಿಂದ ತಡೆಯುತ್ತಾರೆ. ಈ ಮಕ್ಕಳಿಗೆ ವಿಕಿರಣ ಚಿಕಿತ್ಸೆಯಿಂದ ಮಿದುಳಿನ ರಕ್ತನಾಳಗಳು ಇಕ್ಕಟ್ಟಾಗುವ, ಎರಡನೆಯ ಗಡ್ಡೆ ಹುಟ್ಟುವ ಅಪಾಯ ಇರುವುದರಿಂದ ಅದನ್ನು ಸಾಧ್ಯವಾದಷ್ಟೂ ದೂರವಿಡುತ್ತಾರೆ. ಪತ್ತೆ ಎಂದರೆ ಆಪರೇಷನ್ ಎಂಬ ಸಮೀಕರಣ ಮನಸ್ಸಿನಿಂದ ಹೋದರೆ, ಪತ್ತೆಯ ಭಯವೂ ಅರ್ಧ ಇಳಿದೀತು.

ನಮ್ಮ ನೆಲದ ಮಟ್ಟಿಗೆ ಇನ್ನೊಂದು ಎಚ್ಚರ ಅಗತ್ಯ. ಇಲ್ಲಿ ಕಯಾಸ್ಮಾವನ್ನು ಒತ್ತುವುದೆಲ್ಲ ಗಡ್ಡೆಯೇ ಆಗಿರಬೇಕಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ಮಿದುಳಿನ ಹೊದಿಕೆಗೆ ತಗುಲಿದ ಕ್ಷಯ ತಲೆಬುರುಡೆಯ ತಳದಲ್ಲಿ ದಪ್ಪ ಕೀವುಪೊರೆ ಕಟ್ಟಿ ಕಯಾಸ್ಮಾವನ್ನು ಸುತ್ತಿಕೊಳ್ಳಬಲ್ಲದು; ಕ್ಷಯದ ಗಂಟು ಸ್ಕ್ಯಾನ್‌ನಲ್ಲಿ ಗಡ್ಡೆಯಂತೆಯೇ ತೋರಬಲ್ಲದು. ಸಾಲದ್ದಕ್ಕೆ, ಕ್ಷಯಕ್ಕೆ ನಮ್ಮ ಸರ್ಕಾರಿ ಚಿಕಿತ್ಸೆಯಲ್ಲಿ ಆರೂ ತಿಂಗಳು ಕೊಡುವ ಎಥಾಂಬ್ಯುಟಾಲ್ ಕೆಲವರ ದೃಷ್ಟಿನರವನ್ನು ಕೆಡಿಸುತ್ತದೆ. ಕೆಂಪು ಹಸಿರುಗಳ ವ್ಯತ್ಯಾಸ ಮೊದಲು ಮಸುಕಾಗುತ್ತದೆ. ಕೆಲವೊಮ್ಮೆ ನಷ್ಟ ಎರಡೂ ಕಣ್ಣುಗಳ ಹೊರಬದಿಯಲ್ಲೇ ಬಂದು ಗಡ್ಡೆಯ ವೇಷ ತೊಡುತ್ತದೆ. ಬೇಗ ಗುರುತಿಸಿ ವೈದ್ಯರ ಸಲಹೆಯಂತೆ ಆ ಒಂದು ಔಷಧ ನಿಲ್ಲಿಸಿದರೆ ಅನೇಕರಿಗೆ ನೋಟ ಮರಳುತ್ತದೆ. ಇದು ನನ್ನ ವಾದವನ್ನು ದುರ್ಬಲಗೊಳಿಸುವ ಸಂಗತಿಯಲ್ಲ. ಕೆಂಪು ಮುಚ್ಚಳದ ಪರೀಕ್ಷೆ ಕ್ಷಯದ ಮಾತ್ರೆ ಕೊಡುವ ಆರೋಗ್ಯ ಕೇಂದ್ರದಲ್ಲೂ ಇರಬೇಕು ಎನ್ನಲು ಇದು ಇನ್ನೊಂದು ಕಾರಣ.

ಅಂಚಿನ ನಷ್ಟ ಕಂಡ ಮೇಲೆ ಮುಂದಿನ ಊರಿಗೆ ಕಳುಹಿಸುವ ಚೀಟಿಯಲ್ಲಿ ಏನು ಬರೆಯುತ್ತಾರೆ ಎಂಬುದರ ಮೇಲೆ ಬಹಳ ನಿಂತಿದೆ. ‘ದೃಷ್ಟಿ ಮಂದ, ತಲೆನೋವು, ಮಿದುಳಿನ ಸಿ.ಟಿ.’ ಎಂದಷ್ಟೇ ಬರೆದರೆ ದಪ್ಪ ಪದರಗಳ ಸಾಮಾನ್ಯ ಸ್ಕ್ಯಾನ್ ನಡೆಯುತ್ತದೆ. ಎರಡು ಪದರಗಳ ನಡುವೆ ಚಿಕ್ಕ ಗಡ್ಡೆ ಜಾರಿಹೋಗಿ ‘ಸ್ಕ್ಯಾನ್ ಸರಿ ಇದೆ’ ಎಂಬ ಕಾಗದ ಕೈಗೆ ಬರಬಹುದು. ಆ ಕಾಗದ ಮುಂದಿನ ಒಂದು ವರ್ಷ ಎಲ್ಲರ ಅನುಮಾನವನ್ನೂ ಮುಚ್ಚಿಬಿಡುತ್ತದೆ. ‘ಎರಡೂ ಕಣ್ಣುಗಳ ಹೊರಬದಿಯ ನೋಟ ಕಡಿಮೆ, ಬಲಪಾಪೆ ಹಿಗ್ಗುತ್ತದೆ’ ಎಂದು ಬರೆದಿದ್ದರೆ ಪಿಟ್ಯುಟರಿ, ಕಯಾಸ್ಮಾಗಳ ಜಾಗವನ್ನು ತೆಳುಪದರಗಳಲ್ಲಿ ಎಂ.ಆರ್.ಐ. ಮೂಲಕ ನೋಡಬೇಕೆಂದು ಸ್ಕ್ಯಾನ್ ಮಾಡುವವರಿಗೆ ತಿಳಿಯುತ್ತದೆ. ಅದರೊಂದಿಗೆ ಪ್ರೊಲ್ಯಾಕ್ಟಿನ್, ಕಾರ್ಟಿಸಾಲ್, ಥೈರಾಯ್ಡ್ ರಕ್ತಪರೀಕ್ಷೆ. ಕ್ರೇನಿಯೋಫ್ಯಾರಿಂಜಿಯೋಮಾ ತೆಗೆಸಿಕೊಂಡು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಹೊಳಗುಂದಕ್ಕೆ ಮರಳಿದ ಮಗುವಿಗೆ ಹೈಡ್ರೋಕಾರ್ಟಿಸೋನ್, ಥೈರಾಯ್ಡ್ ಮಾತ್ರೆ, ಮೂತ್ರ ಹತೋಟಿಯ ಡೆಸ್ಮೋಪ್ರೆಸಿನ್ ಹೆಚ್ಚಾಗಿ ಜೀವನಪೂರ್ತಿ ಬೇಕು. ಜ್ವರ ಬಂದ ದಿನ ಹೈಡ್ರೋಕಾರ್ಟಿಸೋನ್ ಹೆಚ್ಚಿಸಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಚುಚ್ಚುಮದ್ದೇ ಬೇಕು. ಇದು ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರಿಗೂ ಮಗುವಿನ ತಾಯಿಗೂ ಆಶಾ ಕಾರ್ಯಕರ್ತೆಗೂ, ಅವರವರ ಭಾಷೆಯಲ್ಲಿ, ಬರೆದ ಕಾಗದವಾಗಿ ಸಿಗಬೇಕು. ಕುಟುಂಬ ಗುಂಟೂರಿಗೆ ಹೊರಟಾಗ ಆ ಕಾಗದವೂ, ಮೊದಲ ಸಲ ತೆಗೆದ ದೃಷ್ಟಿಕ್ಷೇತ್ರದ ನಕ್ಷೆಯೂ ಪಡಿತರ ಚೀಟಿಯ ಜೊತೆಗಿರಬೇಕು. ಗಡ್ಡೆ ಮರುಕಳಿಸಿದೆಯೇ ಎಂಬುದನ್ನು ಮುಂದಿನ ವರ್ಷಗಳಲ್ಲಿ ತೀರ್ಮಾನಿಸುವವರು ಹೊಸ ಸ್ಕ್ಯಾನನ್ನು ಹಳೆಯ ಸ್ಕ್ಯಾನ್ ಜೊತೆ, ಹೊಸ ನಕ್ಷೆಯನ್ನು ಆ ಮೊದಲ ನಕ್ಷೆಯ ಜೊತೆ ಇಟ್ಟು ನೋಡುತ್ತಾರೆ.